ತ್ರಿಮೂರ್ತಿಗಳೂ ಒಂದು ಖಡಿಕಲ್ಲೂ

ನಮ್ಮ ಶಾಲೆಯಲ್ಲಿ ನಮ್ಮ ಮೂವರಿಗೆ ತ್ರಿಮೂರ್ತಿಗಳು ಎಂದು ಹೆಸರು. ಹೊಗಳಿಕೆ ಅಂದುಕೊಳ್ಳಬೇಡಿ. ನವನಗರದ ಆ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಉದ್ದ ಬೆಂಚು ನಮ್ಮದು. ಸಂಸ್ಕೃತ ಕಲಿಸುವ ನಾನು, ಗಣಿತದ ಟೀಚರು, ಚಿತ್ರಕಲೆಯ ಟೀಚರು. ಮಧ್ಯಾಹ್ನ ಡಬ್ಬಿಗಳನ್ನು ನಡುವೆ ಇಟ್ಟು ಬಿಚ್ಚಿದರೆ ಯಾರ ಪಲ್ಯ ಯಾರದೆಂಬ ಲೆಕ್ಕವಿಲ್ಲ. ಬೇರೆ ಯಾರಾದರೂ ಬಂದು ಆ ಬೆಂಚಿನ ಮೇಲೆ ಕೂತರೆ ನಾವೇನೂ ಅನ್ನುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದೆವು. ಅವರೇ ಎದ್ದು ಹೋಗುತ್ತಿದ್ದರು.

ಹೆಸರಿಟ್ಟವರು ಹೆಡ್‌ಮಾಸ್ತರು, ಬಾದಾಮಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ. ಮೂರನೆಯ ಗುಹೆಯ ಚಾವಣಿಯಲ್ಲಿ ಹಂಸದ ಮೇಲೆ ಕೂತ ಬ್ರಹ್ಮನನ್ನು ತೋರಿಸುತ್ತ ನಾನು ಮಕ್ಕಳ ಕತ್ತು ನೋಯುವಷ್ಟು ಹೊತ್ತು ಮಾತಾಡಿದ್ದೆ. ಹೊರಗೆ ಬಂದರೆ ಒಂದು ಮಂಗ ಹೆಡ್‌ಮಾಸ್ತರ ಕೈಯಿಂದ ಚುರುಮುರಿ ಪೊಟ್ಟಣ ಕಿತ್ತುಕೊಂಡು ಕಟ್ಟೆಯ ಮೇಲೆ ಕೂತು ತಿನ್ನುತ್ತಿತ್ತು. ಅವರು ಚಪ್ಪಲಿ ಕೈಯಲ್ಲಿ ಹಿಡಿದು ಕೆಳಗೆ ನಿಂತಿದ್ದರು. ನಾವು ಮೂವರೂ ನಕ್ಕೆವು. ನಗಬಾರದಿತ್ತು, ಆದರೆ ನಗು ನಿಲ್ಲಲಿಲ್ಲ.

"ಬ್ರಹ್ಮ ವಿಷ್ಣು ಮಹೇಶ್ವರನ್ನ ಗುಹಾದಾಗ ಯಾಕ ಹುಡುಕ್ತೀರಿ? ಇಲ್ಲೇ ನಿಂತಾರ ನೋಡ್ರಿ ತ್ರಿಮೂರ್ತಿಗಳು, ಹಲ್ಲ ಕಿಸ್ಕೊಂಡು!" ಎಂದು ಅವರು ಮಕ್ಕಳ ಮುಂದೆಯೇ ಕೂಗಿದರು. ಅಷ್ಟೇ ಸಾಕಾಯಿತು. ಮರುದಿನವೇ ಮಕ್ಕಳು ಖಾತೆ ಹಂಚಿಬಿಟ್ಟಿದ್ದರು. ಚಿತ್ರ ಬರೆಯುವವಳು ಬ್ರಹ್ಮ. ಅಂಕ ಕತ್ತರಿಸುವ ಗಣಿತದವಳು ಮಹೇಶ್ವರ. ಊಟದ ಮೇಲೆ ಬೆಂಚಿಗೆ ಒರಗಿ ಕಣ್ಣು ಮುಚ್ಚುವ ನಾನು ವಿಷ್ಣು.

ಈಗ ನನ್ನದೊಂದು ಕೆಟ್ಟ ಚಟ ಹೇಳಬೇಕು. ಯಾರಾದರೂ ಒಂದು ಶಬ್ದವನ್ನು ಹಗುರವಾಗಿ ಆಡಿದರೆ ನನಗೆ ತಡೆಯುವುದಿಲ್ಲ, ಅದರ ಬುಡ ಕೆದರಿ ತೋರಿಸಬೇಕು. ತ್ರಿಮೂರ್ತಿ ಎಂದರೆ ಮೂರು ಮೂರ್ತಿಗಳು ಎಂದು ಎಲ್ಲರೂ ತಿಳಿದಿರುತ್ತಾರೆ. ಅಲ್ಲ ಮಾರಾಯರೇ, ಮೂರು ರೂಪದಲ್ಲಿ ಕಾಣುವ ಒಂದೇ ಇರವು ಅದು. ಒಂದೇ ತತ್ವ ಹುಟ್ಟಿಸುವಾಗ ಒಂದು ಮುಖ, ಸಾಕುವಾಗ ಒಂದು ಮುಖ, ಒಳಗೆ ಎಳೆದುಕೊಳ್ಳುವಾಗ ಇನ್ನೊಂದು. 'ತ್ರಿ' ಅಂದರೆ ಮೂರು, ಅದರಲ್ಲಿ ಗುಟ್ಟೇನಿಲ್ಲ. ಗುಟ್ಟಿರುವುದು 'ಮೂರ್ತಿ'ಯಲ್ಲಿ.

ಅದನ್ನು ನನಗೆ ಹೇಳಿಕೊಟ್ಟವರು ನನ್ನ ಅಪ್ಪ. ಅವರೂ ಸಂಸ್ಕೃತದ ಮಾಸ್ತರರೇ. ಈಗ ಅಣೆಕಟ್ಟಿನ ಹಿನ್ನೀರಿನಡಿ ಇರುವ ಹಳೆ ಬಾಗಲಕೋಟೆಯ ಮನೆಯ ಅಡುಗೆಮನೆಯಲ್ಲಿ, ಅವ್ವ ಹಾಲಿಗೆ ಹೆಪ್ಪು ಹಾಕುವಾಗ ಪಕ್ಕದಲ್ಲಿ ಕೂತು ಪಾಠ ಮಾಡುತ್ತಿದ್ದರು. ಮೂರ್ತಿ ಎಂಬ ಶಬ್ದ ಹುಟ್ಟಿದ್ದು ಗಟ್ಟಿಯಾಗು, ಹೆಪ್ಪುಗಟ್ಟು ಎಂಬ ಅರ್ಥದ ಧಾತುವಿನಿಂದ ಎಂದರು. ನನಗೆ ತಲೆಗೆ ಹತ್ತಲಿಲ್ಲ. ಆಗ ಅವರು ಹಾಲಿನ ಪಾತ್ರೆ ತೋರಿಸಿದರು.

"ನೋಡು, ಹಾಲಿಗೆ ತನ್ನ ಆಕಾರ ಅನ್ನೋದು ಇಲ್ಲ. ತಂಬಿಗಿಗೆ ಹಾಕಿದ್ರ ತಂಬಿಗಿ, ವಾಟಗಕ್ಕ ಹಾಕಿದ್ರ ವಾಟಗ. ಒಂದ ಚಮಚ ಹೆಪ್ಪು ಬಿತ್ತಂದ್ರ ನಾಳೆ ಮುಂಜಾನೆ ಅದಕ್ಕ ಒಂದು ಆಕಾರ ಬಂದಿರ್ತದ. ಅದ ಮೂರ್ತಿ."

ಅವ್ವ ಆ ಕಡೆಯಿಂದ, "ಅದ ಮೊಸರು. ಪಾಠ ಸಾಕು, ಸರೀರಿ, ಪಾತ್ರಿ ಅಲುಗಬಾರದು" ಎಂದಳು.

ಆ ಹೆಪ್ಪು ಮುಂದೆ ನನ್ನ ಮದುವೆಯಾದಾಗ ಡಬ್ಬಿಯಲ್ಲಿ ನನ್ನ ಜೊತೆ ಬಂತು. ಊರು ಮುಳುಗಿ ನಾವೆಲ್ಲ ನವನಗರಕ್ಕೆ ಬಂದಾಗಲೂ ಬಂತು. ನಮ್ಮ ಬೆಂಚಿನ ಮೇಲೆ ಮಧ್ಯಾಹ್ನ ತೆರೆಯುತ್ತಿದ್ದ ನನ್ನ ಡಬ್ಬಿಯಲ್ಲಿ ಅದೇ ಮೊಸರು ಇರುತ್ತಿತ್ತು. ಚಿತ್ರಕಲೆಯವಳಿಗೆ ಅದೆಂದರೆ ಪ್ರಾಣ. ಡಬ್ಬಿಯ ತಳ ಬೆರಳಿನಿಂದ ಒರೆಸಿ ನೆಕ್ಕುವಳು, ಮೂವತ್ತಾರು ವರ್ಷದ ಹೆಂಗಸು.

ಆ ಮೂವತ್ತಾರೇ ತೊಂದರೆಯಾಗಿತ್ತು. ಅವಳು ಶಿರೂರಿನವಳು. ತಂದೆತಾಯಿ ಇಲ್ಲ, ಹೊಲ ಮಾಡುವ ಅಣ್ಣ ಮತ್ತು ಅವನ ಹೆಂಡತಿ, ಅವಳ ವೈನಿ, ಇವರ ಮನೆಯಲ್ಲಿದ್ದಳು. ವರಗಳು ಬರುತ್ತಿದ್ದವು, ಬಂದಷ್ಟೇ ವೇಗದಲ್ಲಿ ಹೋಗುತ್ತಿದ್ದವು. ಬಂದವರೆಲ್ಲ ಅವಳ ಚಿತ್ರಗಳನ್ನು ನೋಡಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ಇದರಿಂದ ಏನು ಉಪಯೋಗ? ಒಬ್ಬನಂತೂ ನಕ್ಕೇಬಿಟ್ಟ. ಅವನಿಗೆ ಚಹಾ ಕೊಟ್ಟ ಕಪ್ಪನ್ನೇ ಅವಳು ವಾಪಸು ತಗೊಂಡಳಂತೆ. "ನನಗ ರೊಕ್ಕಸ್ತ ಬ್ಯಾಡ್ರಿ ಅಕ್ಕಾರ," ಎನ್ನುತ್ತಿದ್ದಳು. "ಕೆಲಸಕ್ಕ ಬಾರದ ಕೆಲಸ ಮನಸ ಇಟ್ಟು ಮಾಡೋವ ಒಬ್ಬ ಸಿಗಬೇಕು. ಅಂಥಾವ ನನ್ನ ನೋಡಿ ನಗೂದಿಲ್ಲ."

ಅಂಥವನನ್ನು ಎಲ್ಲಿಂದ ತರುವುದು? ಹಾಗೆಂದು ಕೈ ಚೆಲ್ಲಿ ಕೂತಿದ್ದಾಗಲೇ ಇಳಕಲ್ಲಿನಿಂದ ಒಂದು ಸಂಬಂಧ ಬಂತು. ಹುಡುಗ ಗ್ರಾನೈಟ್ ಪಾಲಿಶ್ ಮಾಡುವ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ನಲವತ್ತು ದಾಟಿದವನನ್ನೂ ಮದುವೆಯ ಮಾತಿನಲ್ಲಿ ಹುಡುಗ ಎಂದೇ ಅನ್ನಬೇಕು, ಏನು ಮಾಡುವುದು. ತಾಯಿ ಸೀರೆ ನೇಯುವವರು. ಅವನು ಶಿರೂರಿಗೆ ಬಂದು ಹೋಗಿದ್ದ, ಮಾತೇ ಆಡಿರಲಿಲ್ಲ, ಆದರೆ ನಕ್ಕೂ ಇರಲಿಲ್ಲ. ಅದಕ್ಕೇ ಇವಳು ಬೇಡ ಅಂದಿರಲಿಲ್ಲ. ಇನ್ನು ನಮ್ಮ ಕಡೆಯವರು ಅವರ ಮನೆ ನೋಡಿ ಬರಬೇಕು, ಬಂದ ಮೇಲೆ ಹೂಂ ಅಥವಾ ಉಹೂಂ ಹೇಳಬೇಕು.

ಹೂಂ ಅಂದರೆ ಅವಳು ಇಳಕಲ್ಲಿಗೆ ಹೋಗುತ್ತಾಳೆ. ವರ್ಗ ಮಾಡಿಸಿಕೊಳ್ಳುತ್ತಾಳೆ. ಬೆಂಚಿನ ಮೇಲೆ ಇಬ್ಬರು ಉಳಿಯುತ್ತೇವೆ. ಅವಳಿಗೆ ಒಳ್ಳೆಯದಾಗಲಿ ಎಂದು ನಾನು ಬಾಯಿ ತುಂಬ ಹೇಳುತ್ತಿದ್ದೆ, ಖರೇನೇ ಹೇಳುತ್ತಿದ್ದೆ. ಬೆಂಚಿನ ಲೆಕ್ಕ ಮಾತ್ರ ತಲೆಯಿಂದ ಹೋಗುತ್ತಿರಲಿಲ್ಲ.

ಆ ಭಾನುವಾರ ಅಣ್ಣ, ವೈನಿ, ನಾವು ಮೂವರು, ಒಟ್ಟು ಐದು ಮಂದಿ ಹೊರಡುವುದೆಂದು ನಿಶ್ಚಯವಾಗಿತ್ತು. ಬೆಳಿಗ್ಗೆ ಅವಳು ಒಬ್ಬಳೇ ನವನಗರದ ಬಸ್ ಸ್ಟ್ಯಾಂಡಿಗೆ ಬಂದಳು.

"ಎಮ್ಮಿ ಈಯಾಕತ್ತೈತ್ರಿ," ಎಂದಳು. "ಅಣ್ಣಾ ವೈನಿ ಇಬ್ಬರೂ ಕೊಟ್ಟಿಗ್ಯಾಗ ಕುಂತಾರ. ನೀವ ನಮ್ಮ ಕಡಿ ಹಿರೇರು, ನೀವ ನೋಡ್ಕೊಂಡ ಬರ್ರಿ ಅಂದ್ರು."

ಗಣಿತದವಳ ಮುಖ ಬಿಳಿಚಿಕೊಂಡಿತು. "ಅಯ್ಯ ಶಿವನ! ಅಂದ್ರ ನಾವು ಮೂರ ಮಂದಿ ಆದ್ವಿ!"

ನಮ್ಮ ಕಡೆ ಶುಭಕಾರ್ಯಕ್ಕೆ ಮೂವರು ಹೊರಡುವುದಿಲ್ಲ. ತಾಟಿಗೆ ಮೂರು ರೊಟ್ಟಿ ಹಾಕುವುದಿಲ್ಲ, ಹಾಕಿದರೆ ಒಂದು ಚೂರು ಮುರಿದು ನಾಲ್ಕು ಮಾಡುತ್ತೇವೆ. ದೇವರಿಗೆ ಮೂರು ರೂಪ ಒಪ್ಪುತ್ತದೆ, ಮನುಷ್ಯರಿಗೆ ಒಪ್ಪುವುದಿಲ್ಲ. ನಾನು ಇದನ್ನೆಲ್ಲ ನಂಬುವವಳಲ್ಲ. ದಿನವಿಡೀ ಮಕ್ಕಳಿಗೆ ಪ್ರಮೇಯ ಸಾಧಿಸಿ ತೋರಿಸುವ ಗಣಿತದವಳು ನಂಬುತ್ತಾಳೆ. ಅವಳು ಆಚೀಚೆ ನೋಡಿ, ರಸ್ತೆ ರಿಪೇರಿಗೆಂದು ಹಾಕಿದ್ದ ಜಲ್ಲಿ ಖಡಿಯ ರಾಶಿಯಿಂದ ಮುಷ್ಟಿ ಗಾತ್ರದ ಒಂದು ಕಲ್ಲು ಆರಿಸಿ, ಸೆರಗಿನಿಂದ ಒರೆಸಿ, ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡಳು.

"ಈಗ ನಾಲ್ಕ ಮಂದಿ ಆದ್ವಿ. ನಡೀರಿ."

"ಇಳಕಲ್ಲಿಗೆ ಕಲ್ಲು ಒಯ್ಯೋ ಹುಚ್ಚಿ ನೀ ಒಬ್ಬಾಕೀನ," ಎಂದೆ.

ಬಸ್ಸಿನಲ್ಲಿ ಕಂಡಕ್ಟರ ಬಂದ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ, ಆಧಾರ್ ಕಾರ್ಡ್ ತೋರಿಸಿದರೆ ಸೊನ್ನೆ ರೂಪಾಯಿಯ ಟಿಕೀಟು ಹರಿದು ಕೊಡುತ್ತಾರೆ. "ಎಷ್ಟ ಮಂದಿರಿ?" ಎಂದ.

"ನಾಲ್ಕು," ಎಂದಳು ಗಣಿತದವಳು.

"ಮೂರ ಕಾಣಾಕತ್ತೀರಲ್ರಿ."

ಅವಳು ಕಲ್ಲು ತೆಗೆದು ತೋರಿಸಿದಳು. ಕಂಡಕ್ಟರನೂ ನಮ್ಮ ಸೀಮೆಯವನೇ, ವಿಷಯ ತಟ್ಟನೆ ತಿಳಿಯಿತು. ನಗಲಿಲ್ಲ. ಕಲ್ಲನ್ನು ಹಿಂದುಮುಂದು ನೋಡಿ, "ಇದರದು ಆಧಾರ್ ಕಾರ್ಡ್ ಐತೇನ್ರಿ?" ಎಂದ. "ಹೋಗ್ಲಿ, ಹೆಂಗಸೋ ಗಂಡಸೋ ಅದನ್ನರ ಹೇಳ್ರಿ. ಗಂಡಸಾದ್ರ ರೊಕ್ಕಾ ಕೊಡಬೇಕಾಗತೈತಿ." ಇಡೀ ಬಸ್ಸು ನಕ್ಕಿತು. ಅಮೀನಗಡದಲ್ಲಿ ಇಳಿದು ಕರದಂಟು ಕೊಂಡು ಹತ್ತುವಾಗಲೂ ಯಾರೋ ಹಿಂದಿನಿಂದ, "ನಾಲ್ಕನೇದವರು ಹತ್ತಿದ್ರೇನ್ರಿ?" ಎಂದು ಕೇಳಿದರು.

ಇಳಕಲ್ಲಿನ ಆ ಮನೆ ಪೇಟೆಯ ಹಿಂದಿನ ಓಣಿಯಲ್ಲಿತ್ತು. ಒಳಗೆ ಕಾಲಿಟ್ಟರೆ ಮೊದಲ ಕೋಣೆಯಲ್ಲೇ ಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಹಳೆಯ ಮಗ್ಗ. ಹುಡುಗನ ತಾಯಿ ಕುಣಿಯಿಂದ ಎದ್ದು ಬಂದರು. ಬರ್ರಿ ಬರ್ರಿ ಎಂದವರು ನಮ್ಮನ್ನು ಎಣಿಸಿ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಯವ್ವಾ, ಮೂರ ಮಂದಿ ಬಂದೀರೇನು?"

ಗಣಿತದವಳು ಗೆದ್ದವಳಂತೆ ನನ್ನ ಕಡೆ ಒಮ್ಮೆ ನೋಡಿ ಕಲ್ಲು ಹೊರತೆಗೆದಳು. ಆ ತಾಯಿಯ ಮುಖ ಅರಳಿತು. "ಶಾಣ್ಯಾರದೀರಿ ನೋಡ್ರಿ!" ಎಂದು ಕಲ್ಲನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಮಗ್ಗದ ಕಟ್ಟೆಯ ಮೇಲೆ ಕೂರಿಸಿ, ಅರಿಸಿನ ಕುಂಕುಮ ಹಚ್ಚಿ, ಅದರ ಮುಂದೊಂದು ಬಟ್ಟಲಲ್ಲಿ ಸಕ್ಕರೆಯನ್ನೂ ಇಟ್ಟರು. ಹುಡುಗ ಗೋಡೆಗೆ ಒರಗಿ ನಿಂತು ಅದನ್ನೇ ನೋಡುತ್ತಿದ್ದ. ನಮ್ಮನ್ನು ನೋಡಲಿಲ್ಲ, ಇವಳನ್ನು ನೋಡಲಿಲ್ಲ, ಕಲ್ಲನ್ನು ನೋಡಿದ.

ಉಪ್ಪಿಟ್ಟು, ಮಿರ್ಚಿ ಭಜಿ ಬಂದವು. ಮಾತು ಮಾತ್ರ ಬರಲಿಲ್ಲ. ಹುಡುಗನಿಗೆ ಏನು ಕೇಳಿದರೂ "ಹೌದ್ರಿ" ಅಥವಾ "ಇಲ್ರಿ". ಕಾರಖಾನೆ ದೂರವೇ? ಇಲ್ರಿ. ಧೂಳು ಬಹಳವೇ? ಹೌದ್ರಿ. ಚಿತ್ರಕಲೆಯವಳು ತಲೆ ತಗ್ಗಿಸಿ ಭಜಿಯ ಮೆಣಸಿನಕಾಯಿ ಬಿಡಿಸುತ್ತಿದ್ದಳು. ಹೀಗೇ ಆದರೆ ಉಹೂಂ ಗ್ಯಾರಂಟಿ ಎಂದುಕೊಂಡೆ. ಬೆಂಚು ಉಳಿಯಿತು ಎಂದು ಒಳಗೊಳಗೇ ಲೆಕ್ಕ ಹಾಕಿದ್ದನ್ನೂ ಹೇಳಿಬಿಡುತ್ತೇನೆ.

ನಾನೇ ಮಗ್ಗದ ವಿಷಯ ತೆಗೆದೆ. ತಾಯಿ ಖುಷಿಯಿಂದ ತೋರಿಸಿದರು. ಇಳಕಲ್ ಸೀರೆಗೆ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಅಂಚಿನ ದಡಿಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮೂರನ್ನೂ ಬೇರೆ ಬೇರೆ ತಯಾರಿಸಿ, ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕೂಡಿದ ಜಾಗ ಬೆರಳಿಗೆ ಹತ್ತಬಾರದು. ನನ್ನ ಚಟ ಕೆರಳಿತು. ಮೂರು, ಆದರೆ ಒಂದು! ತ್ರಿಮೂರ್ತಿ ಶಬ್ದದ ಬುಡದಿಂದ ಶುರು ಮಾಡಿದೆ. ಧಾತು ಹೇಳಿದೆ, ಹೆಪ್ಪು ಹೇಳಿದೆ, ಸೃಷ್ಟಿ ಸ್ಥಿತಿ ಲಯ ಹೇಳಿದೆ. ಆ ತಾಯಿ ಕೈ ಕಟ್ಟಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು.

ಮುಗಿದ ಮೇಲೆ, "ಭಾಳ ಚಲೋ ಹೇಳಿದ್ರಿ ಬಾಯಾರ," ಎಂದರು. "ಚಹಾ ಆರಿ ನೀರಾತು, ಮತ್ತ ಕಾಸ್ಲೇನು?"

ಗಣಿತದವಳು ಕೆಮ್ಮಿದಳು. ಅದು ಕೆಮ್ಮಲ್ಲ, ನಗು.

ಹೊರಡುವಾಗ ನಮ್ಮ ಮೂವರಿಗೂ ಉಡಿ ತುಂಬಿದರು. ಕುಪ್ಪಸಕ್ಕೆ ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿ. ಹುಡುಗ ಬಾಗಿಲವರೆಗೆ ಬಂದು, "ಬರ್ರಿ" ಎಂದ. ಅಂದು ಅವನು ತಾನಾಗಿ ಆಡಿದ ಒಂದೇ ಮಾತು ಅದು. ಬಸ್ ಹತ್ತಿ ಕೂತ ಮೇಲೆ ನಾವಿಬ್ಬರೂ ಚಿತ್ರಕಲೆಯವಳ ಮುಖ ನೋಡಿದೆವು.

"ಮತ್ತ?" ಎಂದೆ.

"ಏನ ಹೇಳೂದ್ರಿ ಅಕ್ಕಾರ," ಎಂದಳು. "ಕೆಟ್ಟಾವ ಅಲ್ಲ. ಆದ್ರ ಏನ ಅದಾನ ಅನ್ನೂದ ತಿಳೀವಲ್ದು. ತಿಳೀಲಾರದ ಹೂಂ ಅಂತ ಹೆಂಗ ಅನ್ನಲಿ? ಊರಿಗೆ ಹೋಗಿ ಬ್ಯಾಡ ಅಂತ ಹೇಳಿಬಿಡ್ತೇನಿ."

ಅವಳ ದನಿಯಲ್ಲಿ ದುಃಖವಿತ್ತು. ಅದನ್ನು ಕೇಳಿದ ಮೇಲೆ ನನಗೆ ಸಂತೋಷವೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ. ಅಷ್ಟರಲ್ಲಿ ಕಂಡಕ್ಟರ ಬಂದ. ಬೆಳಗಿನವನೇ, ಅದೇ ಬಸ್ಸು ತಿರುಗಿ ಹೊರಟಿತ್ತು. ಟಿಕೀಟು ಹರಿಯುತ್ತ ನಮ್ಮನ್ನು ಎಣಿಸಿದ.

"ಎಲ್ರಿ ನಿಮ್ಮ ನಾಲ್ಕನೇದವರು? ಅಲ್ಲೇ ಲಗ್ನಾ ಮಾಡಿ ಬಿಟ್ಟ ಬಂದ್ರೇನು?"

ಕಲ್ಲು ಮಗ್ಗದ ಕಟ್ಟೆಯ ಮೇಲೆಯೇ ಉಳಿದಿತ್ತು. ಗಣಿತದವಳು ಎದೆ ಹಿಡಿದುಕೊಂಡಳು. "ಅಯ್ಯ ನಮ್ಮವ್ವಾ! ನಾಲ್ಕ ಹೋಗಿ ಮೂರ ಬಂದ್ರ ಏನ ಅರ್ಥ?"

"ನಾಲ್ಕರಾಗ ಒಂದು ಕಳದ್ರ ಮೂರು ಅಂತ ಅರ್ಥ. ನೀನ ಕಲಸ್ತೀ," ಎಂದೆ.

"ಚಾಷ್ಟಿ ಮಾಡಬ್ಯಾಡ. ಕರಕೊಂಡ ಹೋದವರನ್ನ ಅಲ್ಲೇ ಬಿಟ್ಟ ಬರಬಾರದು. ಈ ಹುಡುಗಿ ಜೀವನದ ಪ್ರಶ್ನೆ ಐತಿ."

"ಅಕಿ ಬ್ಯಾಡ ಅಂತ ಹೇಳ್ಯಾಳಲ್ಲ."

"ಇನ್ನೊಬ್ಬಾವ ಬರೋದು ಬ್ಯಾಡೇನು? ಅದೂ ಕೆಡಬೇಕೇನು?"

ಅವಳೊಡನೆ ವಾದಿಸಿ ಗೆದ್ದವರು ಯಾರೂ ಇಲ್ಲ. ಹುನಗುಂದದಲ್ಲಿ ಮೂವರೂ ಇಳಿದೆವು. ಇಳಿದ ಮೇಲೆ ಹೊಸ ಸಮಸ್ಯೆ. ಮೂವರೂ ವಾಪಸು ಹೋದರೆ ಮತ್ತೆ ಮೂರೇ. ಒಬ್ಬರು ಹೋಗಬೇಕು. ಗಣಿತದವಳಿಗೆ ಮೊಣಕಾಲು ನೋವು. ನಾನು ಹೋಗುತ್ತೇನೆ ಎನ್ನಲು ಬಾಯಿ ತೆರೆದೆ.

"ನಾ ಹೋಗ್ತೇನಿ," ಎಂದಳು ಚಿತ್ರಕಲೆಯವಳು. ಇಳಕಲ್ ಕಡೆಯ ಬಸ್ಸು ಎದುರಿಗೇ ನಿಂತಿತ್ತು. ನಾವು ಬೇಡ ಅನ್ನುವುದರೊಳಗೆ ಹತ್ತಿ ಕಿಟಕಿಯಲ್ಲಿ ಕೂತು ಕೈ ಬೀಸಿದಳು.

ನಾವಿಬ್ಬರೂ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತೆವು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದೆವು. ಬೇಕೆಂದು ಬಿಟ್ಟದ್ದಲ್ಲ, ಹದಿನಾಲ್ಕು ವರ್ಷದ ಅಭ್ಯಾಸ. ಯಾವಾಗಲೂ ನಡುವೆ ಅವಳು. ಚಹಾ ಕುಡಿದೆವು. ನಾನು ಒಂದು ಮಾತು ಆಡಿದರೆ ಗಣಿತದವಳು ಅದನ್ನು ಕತ್ತರಿಸುವುದು, ನಾವಿಬ್ಬರೂ ಹಲ್ಲು ಕಡಿಯುವಾಗ ಚಿತ್ರಕಲೆಯವಳು ಏನೋ ಒಂದು ಅಂದು ನಗಿಸುವುದು, ಹೀಗೆ ನಡೆದಿತ್ತು ನಮ್ಮ ಮಾತುಕತೆ. ಈಗ ಕತ್ತರಿಸಿದ ಮಾತು ಕತ್ತರಿಸಿದಲ್ಲೇ ಬಿದ್ದಿರುತ್ತಿತ್ತು.

"ಅಕಿ ಹೋದ್ರ ಹಿಂಗ ಇರ್ತದ ನೋಡು," ಎಂದೆ.

"ಹೂಂ," ಎಂದಳು ಗಣಿತದವಳು. ಅವಳು ನನ್ನ ಮಾತನ್ನು ಒಪ್ಪಿದ್ದು ಅದೇ ಮೊದಲು. ನನಗೆ ಅಳು ಬಂತು.

ಬಸ್ಸುಗಳು ಬಂದವು, ಹೋದವು, ಅವಳು ಬರಲಿಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಗಣಿತದವಳು ಕಲ್ಲಿನ ಮಹಿಮೆಯನ್ನು ಬೈಯಲು ಶುರು ಮಾಡಿದಳು, ನಾನು ಅವಳನ್ನು ಬೈಯಲು ಶುರು ಮಾಡಿದೆ. ಬಿಸಿಲು ಇಳಿಯುವ ಹೊತ್ತಿಗೆ ಸ್ಟ್ಯಾಂಡಿನ ಹೊರಗೆ ಒಂದು ಗ್ರಾನೈಟ್ ಹೊರುವ ಟೆಂಪೊ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ಮೂವರು ಒತ್ತಿಕೊಂಡು ಕೂತಿದ್ದರು. ಸ್ಟೇರಿಂಗ್ ಹಿಡಿದ ಹುಡುಗ, ನಡುವೆ ಅವನ ತಾಯಿ, ಕಿಟಕಿಯ ಕಡೆ ನಮ್ಮವಳು.

ತಾಯಿ ಇಳಿಯುತ್ತಲೇ ಹೇಳಿದರು, "ಇಬ್ಬರನ್ನ ಕಳಿಸಿದ್ರ ಓಣ್ಯಾನ ಮಂದಿ ಏನಂದಾರು ಅಂತ ನಾನೂ ಹತ್ತಿದ್ನಿ. ಹತ್ತಿದ ಮ್ಯಾಲೆ ನೋಡ್ತೇನಿ, ಮೂರ ಮಂದಿ ಆದ್ವಿ! ಪುಣ್ಯಾಕ್ಕ ನಿಮ್ಮ ಕಲ್ಲ ಜೋಡಿ ಇತ್ತು."

ನಮ್ಮವಳು ಕೈ ತೆರೆದು ಕಲ್ಲು ತೋರಿಸಿದಳು. ಮೊದಲು ಗುರುತೇ ಹತ್ತಲಿಲ್ಲ. ರಸ್ತೆಯ ಬೂದು ಖಡಿಯ ಒಂದು ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಒಳಗೆ ಕಪ್ಪು, ಬಿಳಿ, ನಡುನಡುವೆ ಕೆಂಪು ಚುಕ್ಕಿ. ನವನಗರದ ರಸ್ತೆಗೆ ಹಾಕುವ ಕಲ್ಲಿನ ಹೊಟ್ಟೆಯಲ್ಲಿ ಇಷ್ಟೆಲ್ಲ ಇದೆಯೆಂದು ಯಾರಿಗೆ ಗೊತ್ತಿತ್ತು. ಉಳಿದ ಮುಖಗಳು ಒರಟಾಗಿಯೇ ಇದ್ದವು. ತಿಕ್ಕಿದವರು ಅರಿಸಿನ ಕುಂಕುಮದ ಬೊಟ್ಟನ್ನು ಅಳಿಸದೆ ಹಾಗೇ ಬಿಟ್ಟಿದ್ದರು.

"ಮನಿಗೆ ಹೋದ್ರ ಕಲ್ಲ ಇರಲಿಲ್ರಿ ಅಕ್ಕಾರ," ಎಂದಳು. ಉಸಿರು ಬಿಡದೆ ಮಾತಾಡುತ್ತಿದ್ದಳು. "ಕಾರಖಾನ್ಯಾಗ ಐತಿ ಅಂದ್ರು. ಹೋಗಿ ನೋಡ್ತೇನಿ, ಇವರು ಒಬ್ಬರ ಕುಂತು ಇದನ್ನ ತಿಕ್ಕಾಕತ್ತಿದ್ರು. ಸೂಟಿ ದಿನಾ! ಯಾಕ್ರಿ ಅಂತ ಕೇಳಿದ್ನಿ. ನಾಲ್ಕ ಮಂದಿ ಪಾವಣ್ಯಾರು ಬಂದಿದ್ರು, ಮೂರ ಮಂದಿಗೆ ಖಣ ಕೊಟ್ವಿ, ಇವರೊಬ್ಬರನ್ನ ಬರೇ ಕೈಲೆ ಕಳಿಸೂದು ಚಲೋ ಕಾಣೂದಿಲ್ಲ, ಅಂದ್ರು."

ಹುಡುಗ ಟೆಂಪೊದ ಬಾಗಿಲ ಬಳಿ ನಿಂತು ಹೆಬ್ಬೆರಳಿನಿಂದ ಇನ್ನೊಂದು ಕೈಯ ಧೂಳು ತಿಕ್ಕುತ್ತಿದ್ದ. ಗಣಿತದವಳು ಅವನನ್ನು ಮೇಲಿಂದ ಕೆಳಗೆ ನೋಡಿ, "ಅಲ್ರಿ, ಖಡಿಗೆ ಪಾಲಿಶ್ ಮಾಡಿ ಏನ ಉಪಯೋಗ?" ಎಂದಳು. ಪರೀಕ್ಷೆ ಮಾಡುವುದು ಅವಳ ರಕ್ತದಲ್ಲೇ ಇದೆ.

"ಏನೂ ಇಲ್ರಿ," ಎಂದ ಅವನು. ನಂತರ ಸ್ವಲ್ಪ ಯೋಚಿಸಿ, "ಒಳಗ ಬಣ್ಣ ಇತ್ರಿ," ಎಂದ.

ಚಿತ್ರಕಲೆಯವಳು ನನ್ನ ಕಡೆ ನೋಡಿದಳು. ಆ ಮುಖ ನೋಡಿದ ಮೇಲೆ ಹೂಂ ಅಥವಾ ಉಹೂಂ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಅವರು ಬರುವಾಗಲೇ ನಾನು ಕಂಡಿದ್ದೆ, ಆ ಟೆಂಪೊದಲ್ಲಿ ಮೂವರು ಕೂತಿದ್ದನ್ನು. ನಮ್ಮ ಬೆಂಚಿನ ಮೇಲೆ ಕೂರುವ ಹಾಗೆಯೇ ಒತ್ತಿಕೊಂಡು ಕೂತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು. ಅದೇ ಉಸಿರಿನಲ್ಲಿ ಅವಳನ್ನು ಅಪ್ಪಿಕೊಂಡು, "ಹುಚ್ಚಿ, ಫೋನ್ ಎತ್ತಲಿಕ್ಕೆ ಏನಾಗಿತ್ತು ನಿನಗ?" ಎಂದು ಬೈದೆ.

ಲಗ್ನವಾಯಿತು. ವರ್ಗವೂ ಆಯಿತು. ಇಳಕಲ್ಲಿಗೆ ಹೋಗುವ ಹಿಂದಿನ ಸಂಜೆ ಅವಳು ನಮ್ಮ ಮನೆಗೆ ಬಂದು ಒಂದು ಸಣ್ಣ ಸ್ಟೀಲ್ ಡಬ್ಬಿ ಮುಂದಿಟ್ಟಳು. "ಹೆಪ್ಪ ಹಾಕಿ ಕೊಡ್ರಿ ಅಕ್ಕಾರ. ಅಲ್ಲಿ ಎಮ್ಮಿ ಹಾಲು ಚಲೋ ಸಿಗತೈತಿ, ಮೊಸರ ಮಾತ್ರ ನಿಮ್ಮದ ಬೇಕು." ಎರಡು ಚಮಚ ಹಾಕಿದೆ, ಮುಚ್ಚಳ ಬಿಗಿದೆ, ಮತ್ತೆ ತೆರೆದು ಇನ್ನೊಂದು ಚಮಚ ಹಾಕಿದೆ. ಕಲ್ಲನ್ನು ಅವಳು ಲಗ್ನದ ದಿನವೇ ಒಯ್ದಿದ್ದಳು, ಮಗ್ಗದ ಕಟ್ಟೆಯ ಮೇಲೆ ಅದಕ್ಕೊಂದು ಜಾಗವಾಗಿತ್ತು.

ಬೆಂಚಿನ ಮೇಲೆ ನಾವಿಬ್ಬರು ಉಳಿದೆವು. ಹೆಡ್‌ಮಾಸ್ತರರು ಕೂಡ ತ್ರಿಮೂರ್ತಿಗಳು ಅನ್ನುವುದನ್ನು ಬಿಟ್ಟರು. ಅವರು ಹಾಗೆ ಅನ್ನಲಿ ಎಂದು ನಾನು ಕಾಯುತ್ತೇನೆಂದು ಯಾವತ್ತೂ ಅಂದುಕೊಂಡಿರಲಿಲ್ಲ.

ಈ ಬೇಸಿಗೆಯ ರಜೆಯಲ್ಲಿ ನಾನು ಮಗಳ ಊರಿಗೆ ಹೋಗಿದ್ದೆ. ಹೋಗುವಾಗ ಯಜಮಾನರಿಗೆ ದಿನಾ ಹೆಪ್ಪು ಹಾಕಿರಿ ಎಂದು ಹತ್ತು ಸಲ ಹೇಳಿದ್ದೆ. ಬಂದು ನೋಡಿದರೆ ಫ್ರಿಜ್ಜಿನಲ್ಲಿ ಪ್ಯಾಕೆಟ್ ಮೊಸರು! ನಮ್ಮ ಪಾತ್ರೆ ತೊಳೆದು ಬೋರಲು ಹಾಕಿತ್ತು. "ಬೂಷ್ಟು ಹಿಡೀತು, ಚೆಲ್ಲಿಬಿಟ್ಟೆ. ಮೊಸರ ಅಲ್ಲೇನು, ಅಂಗಡ್ಯಾಗ ಸಿಗತದ," ಎಂದರು. ಅವರಿಗೆ ನಾನು ಏನೇನು ಅಂದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪ ಪಾಠ ಮಾಡಿದ ಹೆಪ್ಪು, ಅವ್ವ ಅಲುಗಿಸಬೇಡಿ ಎಂದ ಹೆಪ್ಪು. ಊರು ಮುಳುಗಿದಾಗ ಉಳಿದದ್ದು ಫ್ರಿಜ್ಜಿನಲ್ಲಿ ಸತ್ತಿತ್ತು. ಅಡುಗೆಮನೆಯಲ್ಲಿ ಕೂತು ಚಿಕ್ಕ ಹುಡುಗಿಯಂತೆ ಅತ್ತೆ. ಗಣಿತದವಳಿಗೆ ಫೋನು ಮಾಡಿ ಅತ್ತೆ. ಅವಳು ಪೂರ್ತಿ ಕೇಳಿ, ಒಂದೂ ಮಾತಾಡದೆ ಫೋನಿಟ್ಟಳು. ಎಂಥ ಕಲ್ಲುಮನಸ್ಸಿನವಳು ಅಂದುಕೊಂಡೆ.

ಮರುದಿನ ಮಧ್ಯಾಹ್ನ ಬಾಗಿಲು ಬಡಿದರು. ಗಣಿತದವಳು ನಿಂತಿದ್ದಳು, ಹಿಂದೆ ಬಸ್ಸಿನ ಧೂಳು ಮೆತ್ತಿಕೊಂಡ ಚಿತ್ರಕಲೆಯವಳು. ಸೀರೆಯ ಸೆರಗಿನಲ್ಲಿ ಸುತ್ತಿ, ಅಲುಗದಂತೆ ಎರಡೂ ಕೈಯಲ್ಲಿ ಹಿಡಿದು, ಅದೇ ಸ್ಟೀಲ್ ಡಬ್ಬಿ ತಂದಿದ್ದಳು.

"ತಗೋರಿ," ಎಂದಳು.

ಮುಚ್ಚಳ ತೆಗೆದೆ. ಅಷ್ಟು ದೂರದ ದಾರಿಯಲ್ಲಿ ಬಂದರೂ ಒಡೆದಿರಲಿಲ್ಲ. ಚಮಚ ಇಳಿಸಿದ ಕಡೆ ಅಂಚು ಹಾಗೇ ನಿಂತಿತು. ಒಂದು ಪಾಲು ಹೆಪ್ಪಿಗೆಂದು ತೆಗೆದಿಟ್ಟು, ಉಳಿದದ್ದನ್ನು ನಡುವೆ ಇಟ್ಟು ಮೂವರೂ ನೆಲದ ಮೇಲೆಯೇ ಕೂತು ರೊಟ್ಟಿಗೆ ಹಚ್ಚಿಕೊಂಡೆವು. ಗಣಿತದವಳು ಎಲ್ಲರ ತಾಟಿನ ರೊಟ್ಟಿ ಎಣಿಸಿ, ಎಲ್ಲಿ ಮೂರಾಗಿತ್ತೋ ಅಲ್ಲಿ ಒಂದು ಚೂರು ಮುರಿದಳು.

ಚಿತ್ರಕಲೆಯವಳು ಡಬ್ಬಿಯ ತಳ ಬೆರಳಿನಿಂದ ಒರೆಸುತ್ತ ಕೇಳಿದಳು, "ಅಕ್ಕಾರ, ಈಗ ಇದು ನಿಮ್ಮ ಮನಿ ಮೊಸರೋ, ನಮ್ಮ ಮನಿ ಮೊಸರೋ?"

ಆ ಪ್ರಶ್ನೆಯ ಬುಡ ಕೆದರಲು ಹೋಗದೆ, ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

"ಬಾಯಿ ಮುಚ್ಕೊಂಡ ತಿನ್ನು," ಎಂದೆ.